ಜಾವಗಲ್ಲಿನ ತೆಂಗು, ಹಾಲೆಂಡಿನ ತೋಟ

ಬಾಣಾವರದ ರೈಲು ನಿಲ್ದಾಣದಲ್ಲಿ ಇಳಿದು ಹಳೇಬೀಡಿನ ಕಡೆಗೆ ಹೋಗುವ ಬಸ್ಸನ್ನೇರಿದರೆ ದಾರಿಯ ಇಕ್ಕೆಲಗಳಲ್ಲೂ ತೆಂಗಿನ ತೋಟಗಳು ಜೊತೆಗೂಡುತ್ತವೆ. ನಡುನಡುವೆ ರಾಗಿಯ ಹೊಲ, ಅಲ್ಲೊಂದು ಇಲ್ಲೊಂದು ಕೆರೆಯ ಏರಿ, ಏರಿಯ ಕೆಳಗೆ ಮತ್ತೆ ತೆಂಗು. ಮಲೆನಾಡಿನ ಮಳೆ ಇಲ್ಲಿಗೆ ಬರುವಷ್ಟರಲ್ಲಿ ದಣಿದಿರುತ್ತದೆ; ಬಯಲುಸೀಮೆಯ ಬಿಸಿಲು ಇಲ್ಲಿಂದಲೇ ಆರಂಭವಾಗುತ್ತದೆ. ಈ ಎರಡು ಸೀಮೆಗಳ ನಡುವೆ ನಿಂತಿರುವ ಊರೇ ಜಾವಗಲ್. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಹೆಸರನ್ನು ಕ್ರಿಕೆಟ್ ಆಟಗಾರ ಜಾವಗಲ್ ಶ್ರೀನಾಥರ ಮೂಲಕ ಕೇಳಿದವರೇ ಹೆಚ್ಚು. ಆದರೆ ಊರಿಗೆ ಅದಕ್ಕಿಂತ ಬಹಳ ಹಳೆಯದಾದ ಕೀರ್ತಿಯೊಂದಿದೆ.

ಕಳೆದ ಕಾರ್ತಿಕ ಮಾಸದಲ್ಲಿ ನಾವು ಜಾವಗಲ್ಲಿನ ಸಮೀಪದಲ್ಲಿರುವ ನಮ್ಮ ಅಕ್ಕನವರ ಮನೆಗೆ ಹೋಗಿದ್ದೆವು. ಹೋದದ್ದು ಬಂಧುಗಳ ದರ್ಶನಕ್ಕೆ. ಮರಳಿದ್ದು ಮಾತ್ರ ದೂರದ ಒಂದು ಪುಟ್ಟ ದೇಶದ ವ್ಯಾಪಾರವನ್ನೂ ನಮ್ಮ ಹಿತ್ತಲಿನ ತೆಂಗಿನ ಸಿಪ್ಪೆಯನ್ನೂ ಒಟ್ಟಿಗೆ ಯೋಚಿಸುತ್ತ. ಆ ಯೋಚನೆಯನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಗುಡಿಯ ಮುಂದೆ

ಊರಿನ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದ್ದು. ಸುಮಾರು 1250ರಲ್ಲಿ ನಿರ್ಮಾಣವಾದದ್ದು. ಮೂರು ಗರ್ಭಗುಡಿಗಳ ತ್ರಿಕೂಟ. ಹೆಸರಾಂತ ಶಿಲ್ಪಿ ಮಲ್ಲಿತಮ್ಮನ ಕೈಚಳಕ ಇಲ್ಲಿ ಕಾಣುತ್ತದೆ. ಬೇಲೂರು, ಹಳೇಬೀಡುಗಳಿಗೆ ಬರುವ ಜನಸಂದಣಿ ಇಲ್ಲಿಗೆ ಬರುವುದಿಲ್ಲ. ಆದ್ದರಿಂದ ನಿಂತು ನೋಡಲು ಬೇಕಾದಷ್ಟು ಬಿಡುವು ಸಿಗುತ್ತದೆ.

ಇಷ್ಟೊಂದು ಸಿರಿ ಈ ಒಣ ಸೀಮೆಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲಿ ನಿಂತಾಗ ಸಹಜವಾಗಿ ಏಳುತ್ತದೆ. ಒಂದು ಉತ್ತರ ಕೆರೆ. ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಭೂಮಿಯನ್ನು ಕಟ್ಟುಕೊಡಗೆಯಾಗಿ ಬಿಡುತ್ತಿದ್ದ ಪದ್ಧತಿ ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇನ್ನೊಂದು ಉತ್ತರ ವ್ಯಾಪಾರ. ಆ ಕಾಲದ ಅರಸೀಕೆರೆ ದೊಡ್ಡ ವರ್ತಕರ ಪಟ್ಟಣವಾಗಿತ್ತು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ನಾನಾ ದೇಶಗಳ ಸರಕನ್ನು ಇಲ್ಲಿಗೆ ತರುತ್ತಿದ್ದರು. ಹೊರನಾಡಿನ ವ್ಯಾಪಾರವೆಂಬುದು ಈ ನೆಲಕ್ಕೆ ಹೊಸ ಮಾತಲ್ಲ.

ಅಟ್ಟದ ಮೇಲೆ ವರ್ಷದ ಲೆಕ್ಕ

ಅಕ್ಕನವರ ಮನೆಯಲ್ಲಿ ನಾಲ್ಕೆಕರೆ ತೆಂಗಿನ ತೋಟವಿದೆ. ಈ ಸೀಮೆಯ ಒಕ್ಕಲುತನವನ್ನು ತಿಳಿಯಬೇಕಾದರೆ ಮೊದಲು ಮನೆಯ ಅಟ್ಟವನ್ನು ನೋಡಬೇಕು. ಕಿತ್ತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯನ್ನು ಅಲ್ಲಾಡಿಸಿದರೆ ಗಡಗಡನೆ ಸದ್ದು ಬರುತ್ತದೆ. ಆಗ ಸುಲಿದು, ಚಿಪ್ಪೊಡೆದು, ಇಡಿಯ ಉಂಡೆ ಕೊಬ್ಬರಿಯನ್ನು ಹೊರತೆಗೆಯುತ್ತಾರೆ. ಆ ಉಂಡೆ ಅರಸೀಕೆರೆಗೋ ತಿಪಟೂರಿಗೋ ಹೋಗಿ ಟೆಂಡರಿನಲ್ಲಿ ಮಾರಾಟವಾಗಿ, ಉತ್ತರ ಭಾರತದ ಮದುವೆ ಹಬ್ಬಗಳಿಗೆ ಪ್ರಯಾಣ ಮಾಡುತ್ತದೆ.

ಅಟ್ಟವೆಂದರೆ ರೈತನ ಬ್ಯಾಂಕು. ಆದರೆ ಆ ಬ್ಯಾಂಕಿನ ಬಡ್ಡಿ ದರ ಅವನ ಕೈಯಲ್ಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. 2024ರಲ್ಲಿ ಬೆಂಬಲ ಬೆಲೆ 12,000, 2025ರಲ್ಲಿ 12,100 ಆಯಿತು. ಆದರೆ 2025ರ ನಡುವಿನ ತಿಂಗಳುಗಳಲ್ಲಿ ಮಾರುಕಟ್ಟೆಯ ಬೆಲೆ 20,000ವನ್ನು ದಾಟಿ ನಡೆಯಿತು. ಇಳುವರಿ ಕುಸಿದಿದ್ದರಿಂದಲೇ ಬೆಲೆ ಏರಿದ್ದು. "ಬೆಲೆ ಇಲ್ಲದಾಗ ಅಟ್ಟ ತುಂಬಿತ್ತು, ಬೆಲೆ ಬಂದಾಗ ಅಟ್ಟದಲ್ಲಿ ಇಲಿ ಓಡಾಡುತ್ತಿತ್ತು" ಎಂದು ಭಾವನವರು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ನಾವು ಹೋದಾಗ ಆ ಮನೆಯಲ್ಲಿ ಒಂದು ತೂಗುಯ್ಯಾಲೆಯ ಮಾತು ನಡೆದಿತ್ತು. ರಸ್ತೆಗೆ ಹೊಂದಿದ ಎರಡೆಕರೆಯನ್ನು ನಿವೇಶನಗಳಿಗಾಗಿ ಕೇಳುವವರು ಬಂದಿದ್ದರು. ಮಾರಿದರೆ ಸಾಲ ತೀರುತ್ತದೆ. ಆದರೆ ಭಾವನವರ ತಂದೆಯವರು ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳು ಹೋಗುತ್ತವೆ. ಅಕ್ಕ ಈ ವಿಷಯ ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

ಬೀಸಾಡಿದ ಪುಡಿ

ಮರುದಿನ ಬೆಳಿಗ್ಗೆ ಲಿಂಗಪೂಜೆ, ಉಪಾಹಾರ ಮುಗಿಸಿ ಅಕ್ಕನ ಮಗನೊಡನೆ ತೋಟದ ಕಡೆ ನಡೆದೆವು. ಆತ ಕೃಷಿ ಪದವೀಧರ. ಹಾಲೆಂಡಿನ ವಾಗೆನಿಂಗೆನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ ಊರಿಗೆ ಮರಳಿದ್ದ. ದಾರಿಯಲ್ಲಿ ನಾರು ತೆಗೆಯುವ ಒಂದು ಘಟಕ. ಅದರ ಹಿಂದೆ ಗುಡ್ಡದಂತೆ ಬಿದ್ದಿದ್ದ ಕಂದು ಪುಡಿ. ಗಾಳಿ ಬೀಸಿದಾಗ ಕಣ್ಣಿಗೆ, ಮಳೆ ಬಂದಾಗ ಚರಂಡಿಗೆ.

ಆತ ಒಂದು ಹಿಡಿ ಪುಡಿಯನ್ನೆತ್ತಿ ನಮ್ಮ ಅಂಗೈಗೆ ಹಾಕಿ, "ಮಾವ, ಇದನ್ನು ನಾನು ಅಲ್ಲಿ ಗಾಜಿನ ಮನೆಯೊಳಗೆ ನೋಡಿದೆ. ಪ್ಲಾಸ್ಟಿಕ್ ಚೀಲದೊಳಗೆ ಈ ಪುಡಿ, ಪುಡಿಯೊಳಗೆ ಸ್ಟ್ರಾಬೆರಿ ಗಿಡ. ಮೊದಲ ಸಲ ನೋಡಿದಾಗ ನಮ್ಮ ಹಿತ್ತಲಿನ ವಾಸನೆಯೇ ಬಂದ ಹಾಗಾಯಿತು" ಎಂದ.

ತೆಂಗಿನ ಸಿಪ್ಪೆಯಲ್ಲಿ ನಾರು ಸುಮಾರು ಮೂರರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಈ ಪುಡಿ. ಕೊಕೊಪೀಟ್ ಎಂಬ ಹೆಸರಿನಿಂದ ಇದು ಇಂದು ಲೋಕವನ್ನೆಲ್ಲ ಸುತ್ತುತ್ತಿದೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದು ಇದರ ಗುಣ. ಒಣಗಿಸಿ ಒತ್ತಿದ ಐದು ಕಿಲೋ ಇಟ್ಟಿಗೆಗೆ ನೀರು ಹಾಕಿದರೆ ಅರುವತ್ತು ಎಪ್ಪತ್ತು ಲೀಟರಿನಷ್ಟು ಉಬ್ಬುತ್ತದೆ. ಭಾರತದ ತೆಂಗಿನಾರು ಉತ್ಪನ್ನಗಳ ರಫ್ತು 2021–22ರಲ್ಲಿ 4,340 ಕೋಟಿ ರೂಪಾಯಿಯನ್ನು ಮುಟ್ಟಿತು; ಅದರಲ್ಲಿ ಬಹು ದೊಡ್ಡ ಪಾಲು ಚಾಪೆಯದೂ ಅಲ್ಲ, ಹಗ್ಗದ್ದೂ ಅಲ್ಲ, ಒಂದು ಕಾಲಕ್ಕೆ ಬೀಸಾಡುತ್ತಿದ್ದ ಈ ಪುಡಿಯದು. ಕೊಳ್ಳುವ ಮುಖ್ಯ ದೇಶಗಳಲ್ಲಿ ಚೀನಾ, ಅಮೆರಿಕಗಳ ಜೊತೆ ನಮ್ಮ ಹಾಸನದಂಥ ಕೆಲವೇ ಜಿಲ್ಲೆಗಳಷ್ಟು ವಿಸ್ತಾರದ ಹಾಲೆಂಡೂ ಇದೆ.

ನೀರಿನ ಮೇಲಿನ ದೇಶ

ಹಾಲೆಂಡ್ ಎಂದು ನಾವು ರೂಢಿಯಲ್ಲಿ ಕರೆಯುವ ನೆದರ್ಲೆಂಡ್ಸ್ ದೇಶದ ವಿಸ್ತೀರ್ಣ ಸುಮಾರು 41,500 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತಲೂ ಕಡಿಮೆ. ಜನಸಂಖ್ಯೆ ಸುಮಾರು 1.8 ಕೋಟಿ. ನೆಲದ ಹೆಚ್ಚುಕಡಿಮೆ ನಾಲ್ಕನೆಯ ಒಂದು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ತೆಂಗಿಲ್ಲ, ಕಾಫಿಯಿಲ್ಲ, ಕೋಕೋ ಇಲ್ಲ. ಆದರೂ ಕೃಷಿ ಪದಾರ್ಥಗಳ ರಫ್ತಿನ ಮೌಲ್ಯದಲ್ಲಿ ಆ ದೇಶ ಬಹಳ ವರ್ಷಗಳ ಕಾಲ ಅಮೆರಿಕದ ನಂತರದ ಸ್ಥಾನದಲ್ಲಿ ಹೆಸರು ಪಡೆದಿತ್ತು. 2023ರಲ್ಲಿ ಆ ರಫ್ತು ಸುಮಾರು 12,400 ಕೋಟಿ ಯೂರೊ. ಇದರಲ್ಲಿ ಗಣನೀಯ ಪಾಲು ಬೇರೆ ದೇಶಗಳಿಂದ ತರಿಸಿ, ಶುದ್ಧಿ ಮಾಡಿ, ವಿಂಗಡಿಸಿ, ಮತ್ತೆ ಹೊರಗೆ ಕಳುಹಿಸಿದ್ದು. ಯೂರೋಪಿನ ಅತಿ ದೊಡ್ಡ ಬಂದರಾದ ರಾಟರ್ಡ್ಯಾಮ್ ಅವರದು. ನಮ್ಮ ದೇಶದ ರಫ್ತಿಗೂ 2022–23ರಲ್ಲಿ ಅಮೆರಿಕ, ಅರಬ್ ಎಮಿರೇಟ್ಸ್‌ಗಳ ನಂತರ ಮೂರನೆಯ ದೊಡ್ಡ ತಾಣ ಆ ದೇಶವೇ ಆಗಿತ್ತು. ಆ ಸರಕಿನಲ್ಲಿ ಸಂಸ್ಕರಿಸಿದ ಪೆಟ್ರೋಲಿಯಂ ಪದಾರ್ಥಗಳದೇ ಮೇಲುಗೈ. ಅದರಲ್ಲಿ ಬಹಳಷ್ಟು ರಾಟರ್ಡ್ಯಾಮಿನಿಂದ ಮುಂದಿನ ದೇಶಗಳಿಗೆ ಸಾಗುತ್ತದೆ.

ಬೆಳೆಯದವರು ಬೆಳೆದವರಿಗಿಂತ ಹೆಚ್ಚು ಗಳಿಸುವುದು ಹೇಗೆ? ಅಳಿಯ ಹೇಳಿದ ವಿಷಯಗಳಲ್ಲಿ ಎರಡು ನಮ್ಮ ಮನಸ್ಸಿನಲ್ಲಿ ನಿಂತವು.

ಮೊದಲನೆಯದು ನೀರಿನ ಸಂಘಗಳು. ಸಮುದ್ರದ ವಿರುದ್ಧ ಒಬ್ಬ ರೈತ ಒಡ್ಡು ಕಟ್ಟಲಾರ. ಆದ್ದರಿಂದ ಹದಿಮೂರನೆಯ ಶತಮಾನದಷ್ಟು ಹಿಂದೆಯೇ, ಅಂದರೆ ಜಾವಗಲ್ಲಿನಲ್ಲಿ ಮಲ್ಲಿತಮ್ಮ ಉಳಿ ಹಿಡಿದಿದ್ದ ಕಾಲದಲ್ಲಿಯೇ, ಅಲ್ಲಿನ ಜನ ಒಡ್ಡು ಕಾಲುವೆಗಳ ಪಾಲನೆಗೆ ಸಂಘಗಳನ್ನು ಕಟ್ಟಿಕೊಂಡರು. ಆ ಸಂಘಗಳು ಇಂದಿಗೂ ಇವೆ. ಅವುಗಳಿಗೆ ಚುನಾವಣೆ ನಡೆಯುತ್ತದೆ. ನಮ್ಮಲ್ಲಿಯೂ ಕೆರೆಗಳಿಗೆ ಅಂಥ ಕಟ್ಟುಪಾಡುಗಳಿದ್ದವು. ಅವರು ಉಳಿಸಿಕೊಂಡರು, ನಾವು ಬಹುಮಟ್ಟಿಗೆ ಕಳೆದುಕೊಂಡೆವು.

ಎರಡನೆಯದು ಬೆಳೆಗಾರರೇ ಕಟ್ಟಿದ ಹರಾಜು. 1887ರಲ್ಲಿ ಬ್ರೂಕ್ ಆಪ್ ಲಾಂಗೆಡೈಕ್ ಎಂಬ ಹಳ್ಳಿಯಲ್ಲಿ ತರಕಾರಿ ಬೆಳೆಗಾರರು ದೋಣಿಗಳಲ್ಲಿ ತಂದ ಸರಕನ್ನು ಬಹಿರಂಗ ಹರಾಜಿಗಿಡುವ ಪದ್ಧತಿ ಆರಂಭವಾಯಿತು. ಅಲ್ಲಿ ಬೆಲೆ ಮೇಲಿನಿಂದ ಕೆಳಗೆ ಇಳಿಯುತ್ತದೆ. ಮೊದಲು ಒಪ್ಪಿದವನು ಕೊಳ್ಳುತ್ತಾನೆ. ತಡಮಾಡಿದವನಿಗೆ ಸರಕಿಲ್ಲ. ಹೂವಿನ ವ್ಯಾಪಾರಕ್ಕೆ ಜಗತ್ಪ್ರಸಿದ್ಧವಾದ ಆಲ್ಸ್‌ಮೇರಿನ ಹರಾಜು ಕೇಂದ್ರವೂ ಬೆಳೆಗಾರರ ಸಹಕಾರ ಸಂಘದ್ದೇ. ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರ ನಡೆಯುವುದು ಇದೇ ಪದ್ಧತಿಯಲ್ಲಿ. ಸರಕು ಒಬ್ಬೊಬ್ಬನದಾದರೂ ತಕ್ಕಡಿ, ದರ್ಜೆ, ಲೆಕ್ಕದ ಪುಸ್ತಕ ಎಲ್ಲರದು. ಆ ದೇಶದ ಸಿರಿಯ ಒಂದು ಬೇರು ಇಲ್ಲಿದೆ.

ತೆಂಗಿಲ್ಲದ ನಾಡಿಗೆ ತೆಂಗಿನ ನಂಟು ಹೊಸದೇನೂ ಅಲ್ಲ. 1871ರಲ್ಲಿ ಆಸ್ ಎಂಬ ಊರಿನಲ್ಲಿ ಯೂರ್ಗನ್ಸ್ ಮನೆತನದವರು ಕೃತಕ ಬೆಣ್ಣೆಯ ಕಾರ್ಖಾನೆ ತೆರೆದರು. ಮುಂದೆ ಆ ಉದ್ಯಮಕ್ಕೆ ಕೊಬ್ಬರಿ ಎಣ್ಣೆಯೇ ಒಂದು ಮುಖ್ಯ ಕಚ್ಚಾವಸ್ತುವಾಯಿತು. ಅಂಥ ಕಂಪನಿಗಳ ಕೂಟವೇ 1929ರ ಒಪ್ಪಂದದಂತೆ ಇಂಗ್ಲೆಂಡಿನ ಲೀವರ್ ಕಂಪನಿಯೊಡನೆ ಸೇರಿ ಯೂನಿಲಿವರ್ ಆಯಿತು. ನಮ್ಮ ತಾಯಂದಿರು ಖಾಲಿ ಡಬ್ಬದಲ್ಲಿ ತುಳಸಿ ನೆಡುತ್ತಿದ್ದ ಡಾಲ್ಡಾದ ಹೆಸರಿನಲ್ಲೂ ಹಾಲೆಂಡಿನ ನೆನಪಿದೆ. ಅಲ್ಲಿಂದ ವನಸ್ಪತಿಯನ್ನು ತರಿಸುತ್ತಿದ್ದ ದಾದಾ ಎಂಬ ಕಂಪನಿಯ ಹೆಸರಿನ ನಡುವೆ ಲೀವರ್ ತನ್ನ ಮೊದಲ ಅಕ್ಷರವನ್ನು ಸೇರಿಸಿ 1937ರಲ್ಲಿ ಆ ಹೆಸರನ್ನು ಮಾಡಿತು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿ ಬಂದೂಕಿನ ನೆರಳಿನಲ್ಲಿ ಮಸಾಲೆ ಕೊಂಡಿತು. 1830ರಿಂದ ಜಾವಾ ದ್ವೀಪದ ರೈತರನ್ನು ಸರ್ಕಾರಕ್ಕಾಗಿ ಕಾಫಿ, ಕಬ್ಬು, ನೀಲಿ ಬೆಳೆಯುವಂತೆ ನಿರ್ಬಂಧಿಸಲಾಯಿತು. ಗುಲಾಮರ ವ್ಯಾಪಾರಕ್ಕಾಗಿ ಆ ದೇಶದ ಪ್ರಧಾನಿ 2022ರ ಡಿಸೆಂಬರಿನಲ್ಲಿ ಕ್ಷಮೆ ಕೇಳಿದರು. ಈಚೆಗೆ ಅತಿಯಾದ ದನಕರುಗಳ ಗೊಬ್ಬರದಿಂದ ನೆಲ ನೀರು ಕೆಟ್ಟು, 2019ರ ನ್ಯಾಯಾಲಯದ ತೀರ್ಪಿನ ನಂತರ ಅಲ್ಲಿನ ರೈತರೇ ಟ್ರ್ಯಾಕ್ಟರುಗಳೊಡನೆ ಬೀದಿಗಿಳಿಯಬೇಕಾಯಿತು. ಸಿರಿವಂತ ದೇಶವೆಂದ ಮಾತ್ರಕ್ಕೆ ಎಲ್ಲವೂ ಅನುಕರಣೀಯವಲ್ಲ.

ಕೆಳದಿಯ ಪಾಠ

ನಮ್ಮ ಹಿರಿಯರು ಇಂಥ ಪುಟ್ಟ ದೇಶಗಳೊಡನೆ ವ್ಯವಹರಿಸಿದ ರೀತಿಯನ್ನೂ ಇಲ್ಲಿ ನೆನೆಯಬೇಕು. ವೀರಶೈವ ಅರಸರಾದ ಕೆಳದಿಯ ನಾಯಕರ ಕಾಳುಮೆಣಸು, ಅಕ್ಕಿ ಬಸರೂರು ಮುಂತಾದ ಬಂದರುಗಳಿಂದ ಹಡಗು ಹತ್ತುತ್ತಿದ್ದವು. 1623ರಲ್ಲಿ ಪೋರ್ಚುಗೀಸರ ರಾಯಭಾರಿ ಇಕ್ಕೇರಿಗೆ ಬಂದಾಗ ಅವನ ಜೊತೆ ಬಂದ ಇಟಲಿಯ ಪ್ರವಾಸಿ ಪಿಯೆಟ್ರೊ ದೆಲ್ಲಾ ವಾಲೆ ಆ ಭೇಟಿಯನ್ನು ಬರೆದಿಟ್ಟಿದ್ದಾನೆ. ಮೆಣಸಿನ ವ್ಯಾಪಾರವೂ ಆ ಸಂಧಾನದ ಮುಖ್ಯ ವಿಷಯವಾಗಿತ್ತು. ಕೊಳ್ಳಲು ಡಚ್ಚರೂ ಇಂಗ್ಲಿಷರೂ ಸಿದ್ಧರಿದ್ದುದರಿಂದ ನಾಯಕರು ಒಬ್ಬರ ಮಾತಿಗೇ ಕಟ್ಟುಬೀಳಬೇಕಾಗಿರಲಿಲ್ಲ. ಶಿವಪ್ಪನಾಯಕರು 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಪೋರ್ಚುಗೀಸ್ ಕೋಟೆಗಳನ್ನೇ ವಶಪಡಿಸಿಕೊಂಡರು. ರಾಜ್ಯ ಕಳೆದುಕೊಂಡ ವಿಜಯನಗರದ ಶ್ರೀರಂಗರಾಯರಿಗೆ ಜಾವಗಲ್ಲಿಗೆ ಸಮೀಪದ ಬೇಲೂರಿನಲ್ಲಿ ನೆಲೆ ಕೊಟ್ಟವರೂ ಅವರೇ. ಕೊಳ್ಳುವವನು ಒಬ್ಬನೇ ಆದರೆ ಬೆಲೆ ಅವನದು. ಹಲವರಾದರೆ ಮಾತು ನಮ್ಮದು ಎಂಬುದನ್ನು ಆ ಅರಸರು ಬಲ್ಲವರಾಗಿದ್ದರು.

ಹಿಂತಿರುಗಿದ ಸರಕು

ಅಳಿಯ ಊರಿಗೆ ಬರುವ ಮೊದಲೇ ಅವನ ಸ್ನೇಹಿತರು ನಾಲ್ಕೈದು ಮಂದಿ ಹಣ ಕೂಡಿಸಿ ಈ ಪುಡಿಯನ್ನು ಒಣಗಿಸಿ, ಮಧ್ಯವರ್ತಿಯೊಬ್ಬರ ಮೂಲಕ ಹೊರದೇಶಕ್ಕೆ ಕಳುಹಿಸಲು ಯತ್ನಿಸಿದ್ದರು. ಸರಕು ಬಂದರಿನ ಉಗ್ರಾಣದಿಂದಲೇ ತಿರಸ್ಕೃತವಾಯಿತು. ಕಾರಣ ಉಪ್ಪು. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ, ಸೋಡಿಯಂ ಲವಣಗಳಿರುತ್ತವೆ. ಎಳೆಯ ಗಿಡದ ಬೇರು ಅದನ್ನು ತಾಳದು. ಪುಡಿಯನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಉತ್ತಮ ದರ್ಜೆಗೆ ಕ್ಯಾಲ್ಸಿಯಂ ನೈಟ್ರೇಟಿನ ದ್ರಾವಣದಲ್ಲಿ ನೆನೆಸಿ ಮತ್ತೆ ತೊಳೆಯಬೇಕು. ಮಣ್ಣು, ಕಳೆಯ ಬೀಜ ಸೇರದಂತೆ ಸಿಮೆಂಟಿನ ಕಣದಲ್ಲಿ ಒಣಗಿಸಬೇಕು. ಅವರ ಬಳಿ ಉಪ್ಪಿನಂಶ ಅಳೆಯುವ ಮೀಟರೂ ಇರಲಿಲ್ಲ, ಕಣವೂ ಇರಲಿಲ್ಲ. ಹೂಡಿದ ಹಣ ಮುಳುಗಿತು. ಸ್ನೇಹಿತರಲ್ಲಿ ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೊರಟುಹೋದ.

ಈಗ ಸರಿಯಾದ ಕಣ ಕಟ್ಟೋಣ, ಅಕ್ಕಪಕ್ಕದ ಹತ್ತು ಮನೆಗಳು ಸೇರೋಣ, ಜಮೀನು ಮಾರುವುದು ಬೇಡ ಎಂಬುದು ಅಳಿಯನ ಸಲಹೆ. ಅಂದು ಸಂಜೆ ಜಗಲಿಯ ಮೇಲೆ ಆ ಮನೆಗಳ ಹಿರಿಯರೆಲ್ಲ ಸೇರಿದರು. ಭಾವನವರು ಎಲ್ಲವನ್ನೂ ಕೇಳಿ, ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದರು: "ತೊಳೆಯೋದಕ್ಕೆ ನೀರೆಲ್ಲಿದೆಯಪ್ಪಾ? ಅವರ ಸ್ಟ್ರಾಬೆರಿ ಬೆಳೆಯಲಿ ಅಂತ ನಮ್ಮ ಕೊಳವೆಬಾವಿ ಬರಿದು ಮಾಡೋಣವೋ?"

ಜಗಲಿ ನಿಶ್ಶಬ್ದವಾಯಿತು. ಹೊರನಾಡಿನ ವ್ಯಾಪಾರದ ಕುರಿತು ಎಷ್ಟೋ ಪುಸ್ತಕಗಳು ಕೇಳದ ಪ್ರಶ್ನೆಯನ್ನು ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಹಿರಿಯರು ಕೇಳಿದ್ದರು. ಸರಕಿನ ಜೊತೆಗೆ ನೀರೂ ಹಡಗು ಹತ್ತುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಳಿ ಒಣಗಿ ನಿಂತ ತೆಂಗಿನ ಮರಗಳನ್ನು ಕಂಡ ಸೀಮೆ ಇದು. ತೊಳೆದ ಉಪ್ಪುನೀರು ಮತ್ತೆ ಹೊಲಕ್ಕೋ ಬಾವಿಗೋ ಇಳಿದರೆ ಅದು ಇನ್ನೊಂದು ಕೇಡು.

ಅಳಿಯ ತಲೆತಗ್ಗಿಸಿ ಕುಳಿತಿದ್ದವನು, "ದೊಡ್ಡವರು ಹೇಳೋದು ಸರಿ. ಹಾಗಾದರೆ ಮೊದಲು ನಮ್ಮ ತೋಟಕ್ಕೇ ಹಾಕೋಣ" ಎಂದ. ಈ ಪುಡಿಯನ್ನು ಅಣಬೆಯ ಜಾತಿಯ ಶಿಲೀಂಧ್ರ, ಸ್ವಲ್ಪ ಯೂರಿಯ ಸೇರಿಸಿ ಪದರ ಪದರವಾಗಿ ಹಾಕಿ ತೇವವಾಗಿಟ್ಟರೆ ಸುಮಾರು ಒಂದು ತಿಂಗಳಲ್ಲಿ ಗೊಬ್ಬರವಾಗುತ್ತದೆ. ತೆಂಗಿನಾರು ಮಂಡಳಿ ಈ ವಿಧಾನವನ್ನು ಹಿಂದಿನಿಂದಲೂ ಬೋಧಿಸುತ್ತ ಬಂದಿದೆ. ಮರದ ಬುಡಕ್ಕೆ ಹಾಕಿದರೆ ಬಂದ ಮಳೆಯನ್ನು ನೆಲ ಹೆಚ್ಚು ದಿನ ಹಿಡಿದಿಟ್ಟುಕೊಳ್ಳುತ್ತದೆ. ಉಳಿದುದರಲ್ಲಿ ಮಳೆಗಾಲದ ನೀರಿಗೆ ಒಡ್ಡಿ ತೊಳೆಯಲು ಸಾಧ್ಯವಾದಷ್ಟನ್ನು ಮಾತ್ರ ಮಾರುವುದು. ಛಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿಯುವುದು. ಕೊಳವೆಬಾವಿಯನ್ನು ಇದಕ್ಕೆ ಮುಟ್ಟದಿರುವುದು. ಲಾಭ ಕಡಿಮೆಯಾದೀತು. ಆದರೆ ಹಿರಿಯರು ಒಪ್ಪಿದರು.

ಕಾಯಕದ ಅಳತೆ

ಶರಣ ಬಂಧುಗಳೇ, ಅಂದು ರಾತ್ರಿ ನಮಗೆ ನುಲಿಯ ಚಂದಯ್ಯನವರ ನೆನಪಾಯಿತು. ಹುಲ್ಲು ತಂದು ಹಗ್ಗ ಹೊಸೆದು, ಮಾರಿದ ಹಣದಿಂದ ಜಂಗಮ ದಾಸೋಹ ನಡೆಸುತ್ತಿದ್ದ ಶರಣರು ಅವರು. ಹಗ್ಗಕ್ಕೆ ಸಲ್ಲಬೇಕಾದ ಬೆಲೆಗಿಂತ ಹೆಚ್ಚು ಹಣ ಬಂದಾಗ ಅದನ್ನು ಅವರು ಒಪ್ಪಲಿಲ್ಲವೆಂದು ಶರಣ ಪರಂಪರೆ ಹೇಳುತ್ತದೆ. ಸಲ್ಲುವ ಬೆಲೆ ಎಂಬ ಮಾತಿಗೆ ಎರಡು ಮಗ್ಗುಲುಗಳಿವೆ. ಹೆಚ್ಚು ಕಸಿಯಬಾರದೆಂಬುದು ಒಂದು. ಕಡಿಮೆಗೆ ಕಾಯಕವನ್ನು ಬಿಟ್ಟುಕೊಡಬಾರದೆಂಬುದು ಇನ್ನೊಂದು. ತನ್ನ ಸರಕಿನ ಗುಣವನ್ನು ತಾನೇ ಅರಿಯದವನು ಎರಡನ್ನೂ ಕಾಪಾಡಲಾರ.

ಹಾಲೆಂಡಿನಿಂದ ನಾವು ಕಲಿಯಬೇಕಾದದ್ದು ದೊಡ್ಡ ಬಂದರನ್ನಲ್ಲ. ಸರಕನ್ನು ಅಳೆಯುವ ಶ್ರದ್ಧೆ, ಲೆಕ್ಕವನ್ನು ಹತ್ತು ಜನರ ಮುಂದೆ ಬಿಚ್ಚಿಡುವ ಧೈರ್ಯ, ನೆರೆಯವನೊಡನೆ ಕೂಡಿ ಮಾರುವ ಬುದ್ಧಿ, ಇವನ್ನು. ಅವರಿಗೆ ನಾವು ಹೇಳಬಹುದಾದ ಮಾತೂ ಒಂದಿದೆ: ನೆಲಕ್ಕೆ ಸಲ್ಲಬೇಕಾದ ದಾಸೋಹ ಮೊದಲು, ಹಡಗಿನ ಸರಕು ಆಮೇಲೆ.

ನಾವು ಹೊರಡುವ ದಿನದವರೆಗೆ ನಿವೇಶನದವರಿಗೆ ಉತ್ತರ ಹೋಗಿರಲಿಲ್ಲ. ಆದರೆ ಹತ್ತು ಮನೆಯವರಲ್ಲಿ ಏಳು ಮನೆಯವರು ತಲಾ ಇಷ್ಟೆಂದು ಹಣ ಕೂಡಿಸಿ ಮೊದಲು ಒಂದು ಮೀಟರು, ಒಂದು ಲೆಕ್ಕದ ಪುಸ್ತಕ ಕೊಳ್ಳುವುದೆಂದು ನಿಶ್ಚಯಿಸಿದ್ದರು. ಪುಸ್ತಕ ಬರೆಯುವ ಹೊಣೆಯನ್ನು ಎಲ್ಲರೂ ಸೇರಿ ಅಕ್ಕನಿಗೆ ಒಪ್ಪಿಸಿದರು. ಬಸ್ಸಿನವರೆಗೂ ಬಂದ ಭಾವನವರು, "ಈ ಮಳೆಗಾಲ ಒಂದು ನೋಡೋಣ. ಜಮೀನು ಎಲ್ಲಿಗೂ ಓಡಿಹೋಗೋದಿಲ್ಲವಲ್ಲ" ಎಂದರು.

ಬಸ್ಸು ಬಾಣಾವರದತ್ತ ತಿರುಗಿದಾಗ ಆ ಕಂದು ಗುಡ್ಡ ಮತ್ತೆ ಕಂಡಿತು. ಬರುವಾಗ ಅದನ್ನು ಕಸವೆಂದು ನೋಡಿದ್ದೆವು. ಅದರಲ್ಲಿ ಏಳು ಮನೆಗಳ ಕಾಯಕವಿದೆ ಎಂದು ಹೋಗುವಾಗ ತಿಳಿದಿತ್ತು. ಬೇಲೂರು ಹಳೇಬೀಡುಗಳನ್ನು ನೋಡಲು ಬರುವ ಬಂಧುಗಳು ಒಂದು ಗಳಿಗೆ ಜಾವಗಲ್ಲಿನಲ್ಲಿಯೂ ಇಳಿಯಲಿ. ಗುಡಿಯನ್ನು ನೋಡಿದ ಮೇಲೆ ಒಂದು ತೆಂಗಿನ ತೋಟದೊಳಕ್ಕೂ ಹೋಗಿ ಬರಲಿ ಎಂಬುದು ನಮ್ಮ ವಿನಂತಿ.